ಕಲ್ಲಿನ ಮೇಲೆ ಎರಡು ನಾಯ್ಕ

ಅಂಕೋಲೆ ಸೀಮೆಯ ನಮ್ಮೂರಲ್ಲಿ ಯಾರಾದರೂ ‘ಕಾಣಬಾರದ್ದು ಕಂಡಿತು’ ಎಂದರೆ ಮೊದಲು ನಗುತ್ತಿದ್ದವನು ನಾನೇ. ನಮ್ಮ ಮನೆತನದಲ್ಲಿ ಬಿ.ಎ. ಮಾಡಿದ ಮೊದಲಿಗ ನಾನು. ರಜೆಯಲ್ಲೆಲ್ಲ ಬೇಲೆಕೇರಿ ಬಂದರಿನಲ್ಲಿ ಕೂಲಿ ಮಾಡಿ ಓದಿದವನು. ಓದಿದವನು ಇಂಥದ್ದನ್ನು ನಂಬಬಾರದು ಎಂದುಕೊಂಡಿದ್ದೆ. ಈಗಲೂ ನಂಬುವುದಿಲ್ಲ. ಆದರೆ ಇದೊಂದು ಮಾತ್ರ ಬಗೆಹರಿದಿಲ್ಲ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಭಾರತದ ಶಾಂತಿಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿ ಅಲ್ಲೇ ಮಡಿದ ನಮ್ಮೂರಿನ ವಿಠೋಬನ ಹೆಸರಲ್ಲಿ ಶಾಲೆಯೆದುರು ಒಂದು ಕಲ್ಲು ನಿಲ್ಲಿಸುವುದೆಂದು ಊರವರು ನಿಶ್ಚಯಿಸಿದರು. ಆ ಯುದ್ಧವನ್ನು ಎಲ್ಲರೂ ಮರೆತಿದ್ದರು. ಅವನ ತಾಯಿ ಗಂಗಕ್ಕ ಮರೆತಿರಲಿಲ್ಲ. ಇಂಗ್ಲಿಷ್ ಬಲ್ಲ ಮಾಸ್ತರನೆಂದು ಒಕ್ಕಣೆ ಬರೆಯುವ ಕೆಲಸ ನನಗೆ ಬಂತು.

ವಿವರ ಕೇಳಿ ಬರೆದಾಗ ಸೈನ್ಯದಿಂದ ನನ್ನ ಹೆಸರಿಗೆ ಬಂದ ಪತ್ರದಲ್ಲಿ ‘ನಾಯ್ಕ ವಿಠೋಬ ನಾಯ್ಕ’ ಎಂದಿತ್ತು. ನಮ್ಮ ಕಡೆ ನಾಯಕರು ಬೇರೆ ಜಾತಿ, ನಾಯ್ಕರು ಬೇರೆ ಜಾತಿ. ಇಂಗ್ಲಿಷಿನಲ್ಲಿ ಬರೆಯುವಾಗ ಗುಮಾಸ್ತರು ಗೊಂದಲ ಮಾಡಿಕೊಂಡು ಅಡ್ಡಹೆಸರನ್ನು ಹಿಂದೆ ಮುಂದೆ ಬರೆದುಬಿಡುವುದು ಹೊಸದಲ್ಲ. ಹಾಗೇ ಆಗಿರಬೇಕೆಂದು ಮೊದಲಿನ ನಾಯ್ಕನನ್ನು ಬಿಟ್ಟು, ಬರೀ ‘ವಿಠೋಬ ನಾಯ್ಕ’ ಎಂದು ಬರೆದು ಕಾರವಾರದಲ್ಲಿ ಕಲ್ಲು ಕೆತ್ತುವವನಿಗೆ ಕೊಟ್ಟುಬಂದೆ. ಪತ್ರ ನನ್ನ ಟ್ರಂಕಿನಲ್ಲಿತ್ತು. ಬೇರೆ ಯಾರೂ ಅದನ್ನು ನೋಡಿರಲಿಲ್ಲ; ನಾನು ಒಂದು ನಾಯ್ಕ ಬಿಟ್ಟದ್ದೂ ಯಾರಿಗೂ ಗೊತ್ತಿರಲಿಲ್ಲ.

ಕಲ್ಲು ನಿಲ್ಲಿಸುವ ಕಾರ್ಯಕ್ರಮದ ಹಿಂದಿನ ದಿನ ಟೆಂಪೊ ಮಾಡಿಕೊಂಡು ಕಲ್ಲು ತರಲು ಹೋದೆ. ಕಲ್ಲಿನ ಮೇಲೆ ‘ನಾಯ್ಕ ವಿಠೋಬ ನಾಯ್ಕ’ ಎಂದಿತ್ತು. ಸಿಟ್ಟು ನೆತ್ತಿಗೇರಿತು.

“ಇದೆಂತಾ ಮಾರಾಯಾ, ನಾ ಬರ್ದದ್ದೊಂದು, ನೀ ಕೆತ್ತಿದ್ದೊಂದು?”

“ನೀವೇ ಜನ ಕಳ್ಸಿ ಈಗ ನಂಗೇ ಬೈತ್ರಿ? ಮೊನ್ನೆ ಹೆಸ್ರು ಕೆತ್ತೂಕೆ ಕೂತಾಗ ಒಬ್ರು ಬಂದ್ರು. ‘ಮಾಸ್ತರು ಒಂದು ನಾಯ್ಕ ನುಂಗಿದಾರೆ, ಹೆಸ್ರಿನ ಮೊದ್ಲು ಹಾಕು’ ಅಂದ್ರು. ಮುಗಿವರೆಗೂ ನಿಂತೇ ಇದ್ರು. ಚಾ ತರಸ್ದೆ, ಕುಡೀಲಿಲ್ಲ.”

ತಿದ್ದಲು ಸಮಯವಿರಲಿಲ್ಲ. ಡಿಗ್ರಿ ಮಾಡಿದವನಿಗೆ ಒಂದು ಹೆಸರು ಸರಿಯಾಗಿ ಬರೆಸಲು ಬರಲಿಲ್ಲ ಎಂದು ಊರು ಆಡಿಕೊಳ್ಳುತ್ತದೆ ಎಂಬ ಚಿಂತೆಯಲ್ಲೇ ಅಂಕೋಲೆ ಮುಟ್ಟಿದೆ.

ಮರುದಿನ ಬೆಳಿಗ್ಗೆ ಗಂಗಕ್ಕ ಅಬ್ಬಲಿಗೆ ಹೂವಿನ ದಂಡೆ ಹಿಡಿದು ಬಂದಳು. ಅವಳಿಗೆ ಓದು ಬಾರದು. “ತಮಾ, ಎಂತಾ ಬರ್ದದೆ, ಓದು” ಎಂದಳು. ತಡವರಿಸುತ್ತ ಓದಿದೆ. ಅವಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

“ಸಮಾ ಬರ್ದೆ ನೋಡು. ಅಲ್ಲಿಂದ ಕಡೇ ಕಾಗ್ದ ಬರ್ದಿದ್ದ, ‘ಅವ್ವಾ, ನಂಗೆ ನಾಯ್ಕ ಮಾಡಿದ್ರು’ ಅಂತ. ‘ಹುಟ್ಟದಾಗಿಂದ ನಾಯ್ಕನೇ ಅಲ್ಲನಾ, ಸರ್ಕಾರಕ್ಕೆ ಈಗ ಗೊತ್ತಾಯ್ತಾ’ ಅಂತ ನಾ ಬರಸ್ದೆ. ಅದು ಅವ್ನಿಗೆ ಮುಟ್ತೋ ಇಲ್ವೋ.”

ನಾಯ್ಕ ಎಂಬುದು ಸೈನ್ಯದಲ್ಲೊಂದು ಹುದ್ದೆಯೆಂದು ನನಗೆ ತಿಳಿದದ್ದೇ ಆಗ. ಅವನು ಜೀವ ಒತ್ತೆಯಿಟ್ಟು ಗಳಿಸಿದ್ದನ್ನು ಗುಮಾಸ್ತನ ತಪ್ಪೆಂದು ನಾನು ಅಳಿಸಿದ್ದೆ. ನನ್ನ ಬಿ.ಎ.ಯನ್ನು ಯಾರಾದರೂ ಹೀಗೆ ಅಳಿಸಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಶಾಲೆಯ ಕಟ್ಟೆಯ ಮೇಲೆ ಕುಳಿತೆ. ಸದ್ಯ, ಉಳಿದೆ ಎನಿಸಿತು. ಅಷ್ಟು ಹಗುರವಾದ ಬೆಳಗು ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಆಮೇಲೆ ಕೆತ್ತುವವನ ಬಳಿ ಹೋದದ್ದು ಯಾರೆಂದು ಪಕ್ಕದೂರು ಬೊಬ್ರುವಾಡದವರೆಗೂ ವಿಚಾರಿಸಿದೆ. ಕಾರವಾರಕ್ಕೆ ಹೋದವರು ಯಾರೂ ಇಲ್ಲ. ಕೆತ್ತುವವನನ್ನು ಮತ್ತೆ ಕೇಳಿದರೆ, “ನಿಮ್ಮ ಕಡೆಯವ್ರೇ, ಮಾತು ಹಾಗೇ ಇತ್ತು” ಎಂದು ಮತ್ತೆ ಉಳಿ ಎತ್ತಿಕೊಂಡ.

ಗಂಗಕ್ಕ ಬದುಕಿದ್ದಷ್ಟು ದಿನ ಅದನ್ನು ಬರೆಸಿದ ಪುಣ್ಯ ನನ್ನದೇ ಎಂದು ಊರಿಗೆಲ್ಲ ಹೇಳುತ್ತಿದ್ದಳು. ನಾನಲ್ಲ ಎನ್ನೋಣವೆಂದರೆ, ಮತ್ತಾರು ಎಂದು ಹೇಳಲು ನನ್ನ ಬಳಿ ಹೆಸರಿರಲಿಲ್ಲ.