ಪ್ರೈಜ್ ಬಂದ ಹಾಗೆ ನಿಂತ ಗಿಡುಗ

ತಾವು ಸಾಕಿದ ಗಿಡುಗ ರೆಕ್ಕೆ ಬಿಚ್ಚಿ ನಿಂತಿದ್ದರೂ ಒಯ್ಯಲು ಬಂದ ವಯಸ್ಸಾದ ಅರಬರೊಬ್ಬರು ಅದನ್ನು ಮುಟ್ಟಲಿಲ್ಲ. ದೋಹಾದಲ್ಲಿ ಸತ್ತ ಗಿಡುಗಗಳ ಚರ್ಮದೊಳಗೆ ನಾರು ತುಂಬಿ, ಜೀವವಿದ್ದಂತೆ ನಿಲ್ಲಿಸಿ ಕೊಡುವುದು ನಮ್ಮ ಮನೆಯವರ ಕೆಲಸ. "ಈ ಕೆಲಸದ ಸ್ಪರ್ಧೆಯಲ್ಲಿ ರೆಕ್ಕೆ ಬಿಚ್ಚಿದ್ದಕ್ಕೆ ಪ್ರೈಜ್ ಬಂತಲ್ಲ, ಇದನ್ನೂ ಹಾಗೇ ನಿಲ್ಲಿಸಿ ಮಾರಾಯ್ರೆ" ಎಂದವಳು ನಾನೇ.

"ಕೆಲಸ ಚೆನ್ನಾಗಿದೆ. ಆದರೆ ನನ್ನದು ಕೈಮೇಲೆ ಕೂತು, ತಲೆ ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು. ಇದು ಅದಲ್ಲ, ಖಲಾಸ್" ಎಂದು ಹರಕು ಹಿಂದಿಯಲ್ಲಿ ಹೇಳಿ ಬರಿಗೈಯಲ್ಲಿ ಹೋದರು.

ಗರಿ ಕೂರಿಸುವುದು, ಕಣ್ಣು ಇಡುವುದು ಇವರಿಗೆ ಬಂದದ್ದು ಸ್ಪರ್ಧೆಗಳಲ್ಲಿ ತೀರ್ಪುಗಾರರು ತಪ್ಪು ತೋರಿಸಿದ್ದರಿಂದಲೇ. ಆದರೆ ಸಾಕಿದವರನ್ನು ಒಂದು ಮಾತು ಕೇಳಬೇಕೆಂದು ಅಲ್ಲಿ ಯಾರೂ ಹೇಳಿರಲಿಲ್ಲ, ನಮಗೂ ಹೊಳೆಯಲಿಲ್ಲ. ಒಣಗಿದ ಚರ್ಮ ಇನ್ನು ಬಾಗುವುದಿಲ್ಲ. ಅವರು ಬೈಯಲಿಲ್ಲ, ಅಷ್ಟು ದೇವರ ದಯೆ. ಜಪಸರ ಹಿಡಿದಾಗ ಈಗಲೂ ಅವರ ಆ ಬರಿಗೈ ನೆನಪಾಗುತ್ತದೆ.