ನಾಲ್ಕನೆಯ ಕೂಗು

ನಮ್ಮ ಅವ್ವ ಅಪ್ಪನ ಹೆಸರನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸುವಾಗ ನಮ್ಮವರು ಒನಕೆ, ಬೀಸುಕಲ್ಲಿನ ಜೊತೆ ಅದನ್ನೂ ಗಾಡಿಗೆ ಹೇರಿಕೊಂಡು ಬಂದಿದ್ದರು. ಅಪ್ಪ ಮಾಕುಟ್ಟದ ಕಾಡಿಗೆ ಮರ ಕಡಿಯುವ ಕೆಲಸಕ್ಕೆ ಹೋಗಿ ವಾಪಸು ಬಾರದೆ ಹೋದ ಮೇಲಂತೂ ನಾನೂ ಮನೆಯಲ್ಲಿ ಆ ಹೆಸರೆತ್ತುವಂತಿರಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಆನೆ ತುಳಿಯಿತು ಅಂದವರುಂಟು, ಘಟ್ಟ ಇಳಿದು ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ ಅಂದವರೂ ಉಂಟು. ನನ್ನ ಮಟ್ಟಿಗೆ ಅಪ್ಪ ಸತ್ತಿದ್ದ. ಕಲ್ಲು ಮನಸ್ಸಿನವಳು ಅನ್ನಿಸಿದರೆ ಅನ್ನಿಸಲಿ. ಅವ್ವ ಮಾತ್ರ ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಗೂಟದಲ್ಲಿದ್ದ ಅಪ್ಪನ ಕಂಬಳಿಯನ್ನು ಕೊಡವಿ ಅಂಗಳದ ಬಿಸಿಲಿಗೆ ಹಾಕುತ್ತಿದ್ದಳು, ಸಂಜೆ ಮತ್ತೆ ಅದೇ ಗೂಟಕ್ಕೆ. ಆ ಕಂಬಳಿ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಕೊಡಗು ಆಗ ತನ್ನದೇ ಒಂದು ರಾಜ್ಯ. ಮಂತ್ರಿಗಳು ಮಡಿಕೇರಿಯಲ್ಲೇ ಇದ್ದರು. ನಮ್ಮಂಥವರಿಗೆ ಸರ್ಕಾರ ಅಂದರೆ ಪಾರುಪತ್ಯಗಾರರ ಕಚೇರಿ, ಕಂದಾಯ ಕಟ್ಟುವುದೂ ಅಲ್ಲೇ. ಗದ್ದೆ ಅಪ್ಪನ ಹೆಸರಿನಲ್ಲಿತ್ತು. ಅವ್ವ ಎಸ್ಟೇಟಿನಲ್ಲಿ ಕಾಫಿ ಪಿಕಿಂಗ್ ಮಾಡಿ, ಒಂದು ವರ್ಷವೂ ಬಿಡದೆ ಕಂದಾಯ ಕಟ್ಟಿದ್ದಳು. ರಸೀತಿಗಳನ್ನು ಬಿದಿರಿನ ಕೊಳವೆಯಲ್ಲಿ ಸುರುಳಿ ಸುತ್ತಿಟ್ಟಿದ್ದಳು. ಅದಕ್ಕೆ ಗೆದ್ದಲು ಹಿಡಿದು ಎಲ್ಲ ಪುಡಿಯಾಯಿತು. ಆ ಸುದ್ದಿ ಹೇಗೋ ಚಿಕ್ಕಪ್ಪನ ಕಿವಿಗೆ ಬಿತ್ತು. “ಅಣ್ಣನ ಗದ್ದೆಗೆ ಇಷ್ಟ್ ವರ್ಷ ಕಂದಾಯ ಕಟ್ದೋನು ನಾನು. ಈ ಸಲ ನಾಟಿ ನಂದೇಯ” ಎಂದು ಊರೆಲ್ಲ ಹೇಳಿಕೊಂಡು ಬಂದ. ಗದ್ದೆ ಹೋದರೆ ನಮಗೆ ಎಸ್ಟೇಟಿನ ಕೂಲಿ ಲೈನ್ ಮನೆಯೇ ಗತಿ. ಕಟ್ಟಿದವರು ಯಾರೆಂದು ಕಚೇರಿಯಲ್ಲಿ ಬರೆದೇ ಇರುತ್ತಾರೆ, ಅದರ ನಕಲು ಕೇಳೋಣ ಎಂದು ಅರ್ಜಿ ಬರೆದವಳು ನಾನು. ಮನೆಯಲ್ಲಿ ಅಕ್ಷರ ಬರುತ್ತಿದ್ದುದು ನನಗೊಬ್ಬಳಿಗೇ.

ಅವ್ವನನ್ನು ಕರೆದುಕೊಂಡು ಕಚೇರಿಗೆ ಹೋದಾಗ ಅಲ್ಲಿನ ಗುಮಾಸ್ತರು ಅರ್ಜಿ ಓದಿ ಕನ್ನಡಕ ಮೇಲೇರಿಸಿದರು. “ನಕಲು ಖಾತೆದಾರರಿಗೆ ಮಾತ್ರ ಕೊಡೋದಮ್ಮ. ಅವರೇ ಬರಬೇಕು. ತೀರಿಕೊಂಡಿದ್ರೆ ಹಾಗಂತ ಬರೆಸಿ ಹೆಬ್ಬೆಟ್ಟು ಒತ್ತಿ, ನಿಮಗೇ ಕೊಡ್ತೇನೆ.”

“ಊರಲ್ಲಿಲ್ಲ ಸ್ವಾಮಿ” ಎಂದಳು ಅವ್ವ.

“ಇದ್ದಾರೋ ಇಲ್ವೋ? ಎರಡರಲ್ಲಿ ಒಂದು ಹೇಳಿ.”

ನನಗೆ ರೇಗಿತು. “ದುಡ್ಡು ಕಟ್ಟಿಸ್ಕೊಳ್ಳುವಾಗ ಯಾರೂ ಇದನ್ನ ಕೇಳ್ಲಿಲ್ವಲ್ಲ ಸ್ವಾಮಿ?” ಅಂದೆ. ಗುಮಾಸ್ತರು ಕೆಟ್ಟವರಲ್ಲ, ನಕ್ಕರು. ನಾನು ಅವ್ವನ ಕಿವಿಯಲ್ಲಿ, “ಸತ್ತೋದ್ರು ಅನ್ನವ್ವ, ಗದ್ದೆ ಉಳೀತದೆ” ಎಂದೆ. ಅವಳು ನನ್ನ ಕೈ ಕೊಡವಿದಳು.

“ಸರಿ, ಹೆಸರು ಮೂರು ಸಲ ಕೂಗಿಸ್ತೇನೆ, ಅದು ಇಲ್ಲಿನ ಪದ್ಧತಿ. ಯಾರೂ ಬರ್ಲಿಲ್ಲಾಂದ್ರೆ ನೀವು ಹೇಳ್ಲೇಬೇಕು” ಎಂದು ಗುಮಾಸ್ತರು ಜವಾನನಿಗೆ ಸನ್ನೆ ಮಾಡಿದರು.

ಜವಾನ ಜಗಲಿಯಲ್ಲಿ ನಿಂತು ಕೂಗಿದ. ನಮ್ಮ ಮನೆಯಲ್ಲಿ ಪಿಸುಮಾತಿಗೂ ಸಿಗದ ಹೆಸರು ಗೇಟು ದಾಟಿ ರಸ್ತೆಯವರೆಗೆ ಹೋಯಿತು. ಗೇಟಿನಾಚೆ ಹಲಸಿನ ಮರದ ಕೆಳಗೆ ಒಬ್ಬ ಮನುಷ್ಯ ಬೆನ್ನು ಹಾಕಿ ನಿಂತಿದ್ದ. ಅಪ್ಪನಷ್ಟೇ ಎತ್ತರ. ಎರಡನೆಯ ಕೂಗಿಗೂ ಅವನು ಅಲುಗಲಿಲ್ಲ. ಮೂರನೆಯ ಕೂಗಿಗೆ ನಿಧಾನವಾಗಿ ತಿರುಗಿ ಕಚೇರಿಯ ಕಡೆ ನೋಡಿದ. ಅಪ್ಪನಲ್ಲ. ಯಾರೋ ಬಸ್ಸಿಗೆ ಕಾಯುತ್ತಿದ್ದವನು. ಹೆಗಲ ಟವೆಲ್ಲು ಸರಿಮಾಡಿಕೊಂಡು ಹೊರಟುಹೋದ.

“ಯಾರೂ ಬರ್ಲಿಲ್ಲ ಸಾರ್” ಎಂದ ಜವಾನ.

ಅವ್ವ ಎದ್ದು ನಿಂತಳು. “ಇನ್ನೊಂದ್ಸಲ ಕೂಗಣ್ಣ. ಒಸಿ ಜೋರಾಗಿ ಕೂಗು.”

ಜವಾನ ಗುಮಾಸ್ತರ ಮುಖ ನೋಡಿದ. ಅವರು ಲೇಖನಿ ಕೆಳಗಿಟ್ಟು ತಲೆಯಾಡಿಸಿದರು. ಅವನು ಮೆಟ್ಟಿಲಿಳಿದು, ಅಂಗಳದ ನಡುವೆ ನಿಂತು, ಎರಡೂ ಕೈಗಳನ್ನು ಬಾಯಿಯ ಅಕ್ಕಪಕ್ಕ ಹಿಡಿದು ಕೂಗಿದ. ಗದ್ದೆಯಾಚೆ ಇರುವವರನ್ನು ಊಟಕ್ಕೆ ಕರೆಯುವ ಹಾಗಿತ್ತು. ನಾನು ಮತ್ತೆ ಗೇಟು ನೋಡಿದೆ. ಅವ್ವ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಆ ಹೆಸರನ್ನು ಕೊನೆಯವರೆಗೂ ಕೇಳಿಸಿಕೊಂಡಳು.

ಆಮೇಲೆ ಮೇಜಿನ ಹತ್ತಿರ ಹೋಗಿ ಹೆಬ್ಬೆರಳು ಚಾಚಿದಳು. “ಬರ್ಕಳಿ ಸ್ವಾಮಿ, ಅವರಿಲ್ಲ.”

ನಕಲು ಸಿಕ್ಕಿತು. ಪ್ರತಿ ವರ್ಷದ ಮುಂದೆಯೂ ‘ಮಾರ್ಫತ್ ಹೆಂಡತಿ’, ಅಂದರೆ ಹೆಂಡತಿಯ ಕೈಯಿಂದ ಸಂದಾಯ, ಎಂದು ಬರೆದಿತ್ತು. ಅದನ್ನು ಓದಿ ಹೇಳಿದ ಮೇಲೆ ಚಿಕ್ಕಪ್ಪ ಬಾಯಿ ಮುಚ್ಚಿಕೊಂಡ, ಗದ್ದೆ ಉಳಿಯಿತು. ಕಚೇರಿಯಿಂದ ಮನೆಗೆ ಬರುವ ದಾರಿಯಲ್ಲಿ ಅವ್ವ ಆಡಿದ್ದು ಒಂದೇ ಮಾತು. “ಅಷ್ಟು ಜೋರಾಗಿ ಕೂಗಿದ್ರೆ ಎಲ್ಲಿದ್ರೂ ಕೇಳ್ಬೇಕಾಗಿತ್ತು, ಅಲ್ವೇನೇ?” ನಾನು ಹೂಂ ಅಂದೆ.

ಆ ವರ್ಷ ಮಳೆ ನಿಂತು ಬಿಸಿಲು ಬಿದ್ದರೂ ಅವ್ವ ಕಂಬಳಿಯ ತಂಟೆಗೆ ಹೋಗಲಿಲ್ಲ. ಅದು ಗೂಟದಲ್ಲೇ ಬೂಷ್ಟು ಹಿಡಿಯತೊಡಗಿತು. ಒಂದು ದಿನ ಅವಳು ಕೆಲಸಕ್ಕೆ ಹೋದ ಮೇಲೆ ನಾನೇ ಅದನ್ನಿಳಿಸಿ, ಕೊಡವಿ, ಅಂಗಳದಲ್ಲಿ ಹರವಿದೆ. ಹರವಿ ಒಳಗೆ ಹೋಗಲು ಮನಸ್ಸು ಬರಲಿಲ್ಲ. ಸಂಜೆಯವರೆಗೂ ಜಗಲಿಯಲ್ಲಿ ದಾರಿ ನೋಡುತ್ತಾ ಕೂತಿದ್ದೆ.