ಫಿಟ್ಟರ್ ಯಜಮಾನರ ಕಿವಿ ವಾಷರು

ಅವರ ಅಂಗಿಯ ಎಡಜೇಬು ಯಾವಾಗಲೂ ಒಂದು ಬೆರಳಿನಷ್ಟು ಕೆಳಕ್ಕೆ ಜೋತಿರುತ್ತಿತ್ತು. ಬೇರೆಯವರ ಜೇಬಿನಲ್ಲಿ ಪೆನ್ನು, ಕನ್ನಡಕ, ಬಸ್ ಟಿಕೇಟು ಇದ್ದರೆ ಇವರ ಜೇಬಿನಲ್ಲಿ ನಟ್ಟು, ವಾಷರು, ಮೋಟು ಪೆನ್ಸಿಲು, ಎಣ್ಣೆ ಕುಡಿದ ಬಟ್ಟೆಯ ಚೂರು. ಭಾರಕ್ಕೆ ಹೊಲಿಗೆ ಬಿಟ್ಟುಕೊಳ್ಳುತ್ತದೆಂದು ಅವರ ಹೆಂಡತಿ ಪ್ರತಿ ಜೇಬಿಗೂ ಒಳಗಿನಿಂದ ಹಳೆಯ ಖಾಕಿ ಬಟ್ಟೆ ಕೊಟ್ಟು ಹೊಲಿದಿದ್ದರು. ಮದುವೆಮನೆಗೆ ಹಾಕುವ ಬಿಳಿ ಅಂಗಿಗೂ ಅದೇ ಖಾಕಿ. ಒಂದು ಮದುವೆಯಲ್ಲಿ ಹಿರಿಯರಿಗೆ ಬಗ್ಗಿ ನಮಸ್ಕಾರ ಮಾಡುವಾಗ ಜೇಬಿನಿಂದ ನಟ್ಟೊಂದು ಟಣ್ಣೆಂದು ಬಿದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅದನ್ನು ಎತ್ತಿಕೊಂಡು, ಒರೆಸಿ, ಮತ್ತೆ ಜೇಬಿಗೆ ಹಾಕಿ, ಏನೂ ಆಗದವರಂತೆ ಊಟದ ಸಾಲಿಗೆ ಹೋಗಿ ಕೂತರು.

ಬೀದಿಯವರೆಲ್ಲ ಅವರನ್ನು ಫಿಟ್ಟರ್ ಯಜಮಾನರು ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಅವ್ವ ಎನ್ನುತ್ತಿದ್ದರು. ಮದ್ದೂರಿನ ನಮ್ಮ ಮನೆಯ ಕಾಂಪೌಂಡಿಗೆ ಅಂಟಿಕೊಂಡೇ ಅವರ ಮನೆ. ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಆಯಸ್ಸಿನ ಮುಕ್ಕಾಲು ಕಳೆದವರು. ಗೆಜ್ಜಲಗೆರೆ ದಾಟುವಾಗ ಬಸ್ಸಿನ ಇಂಜಿನ್ನಿನ ಸದ್ದು ಕೇಳಿ, ಈ ಬಸ್ಸು ಮಂಡ್ಯ ಮುಟ್ಟುತ್ತದೋ ಇಲ್ಲವೋ ಹೇಳುತ್ತಿದ್ದರಂತೆ. ನಾನು ಇಲ್ಲಿಯ ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ಬರುವ ಹೊತ್ತಿಗೆ ರಿಟೈರಾಗಿ, ಬೀದಿಯ ಮಿಕ್ಸಿ, ಕುಕ್ಕರು, ನಲ್ಲಿಗಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದರು.

ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಕಾರ್ಖಾನೆಯಲ್ಲಿ ಯಂತ್ರಗಳನ್ನೆಲ್ಲ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ ಮತ್ತೆ ಕೂಡಿಸುತ್ತಾರೆ. ಆ ಕೆಲಸದಿಂದ ಎರಡು ಕಟ್ಟಳೆಗಳು ಅವರ ಜೊತೆ ಮನೆಗೂ ಬಂದಿದ್ದವು. ಬಿಚ್ಚಿದ ಸಾಮಾನನ್ನು ಗೋಣಿಚೀಲದ ಮೇಲೆ, ಬಿಚ್ಚಿದ ಕ್ರಮದಲ್ಲೇ, ಎಡದಿಂದ ಬಲಕ್ಕೆ ಜೋಡಿಸಿಡಬೇಕು. ಕೂಡಿಸುವಾಗ ಬಲದಿಂದ ಎಡಕ್ಕೆ ಬರಬೇಕು. ಇನ್ನೊಂದು, ರಿಪೇರಿಯಾದ ಯಂತ್ರ ಮೊದಲ ಸಲ ತಿರುಗುವಾಗ ಅದನ್ನು ಕೂಡಿಸಿದವನು ದೂರ ನಿಲ್ಲುವಂತಿಲ್ಲ, ಅದರ ಪಕ್ಕದಲ್ಲೇ ನಿಲ್ಲಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಫಿಟ್ಟರುಗಳು ತಮ್ಮತಮ್ಮಲ್ಲೇ ಪಾಲಿಸಿಕೊಂಡು ಬಂದದ್ದು. ನಮ್ಮ ಮನೆಯ ಕುಕ್ಕರು ರಿಪೇರಿ ಮಾಡಿದ ದಿನ ಅವರು ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು, ಮೂರು ಸೀಟಿ ಆಗುವವರೆಗೂ ಪೇಪರು ಓದುತ್ತ ಕೂತಿದ್ದರು. ನನ್ನ ಹೆಂಡತಿ ಮಾತ್ರ ಹಿತ್ತಲಿನಲ್ಲಿದ್ದಳು.

ಕೆಲಸ ಮುಗಿದಾಗ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಎಲ್ಲಾ ಸರಿಯಾಗಿ ಕೂತದಾ?" ನಾನು ಸ್ಕೂಲಿನಿಂದ ಬರುವುದು ಕಂಡರೆ ಜಗಲಿಯಿಂದಲೇ ಚುಡಾಯಿಸುತ್ತಿದ್ದರು. "ಏನ್ ಮೇಷ್ಟ್ರೇ, ಐಕ್ಳ ತಲೇಲಿ ಯಾಕರಣ ಎಲ್ಲಾ ಸರಿಯಾಗಿ ಕೂತದಾ?"

ಮಳವಳ್ಳಿಯ ಒಬ್ಬ ವಯಸ್ಸಾದ ಡಾಕ್ಟರು ಓಡಿಸಲಾರದೆ ಬಿಟ್ಟಿದ್ದ ಕಾರು ನನ್ನ ಪಾಲಿಗೆ ಬಂದದ್ದು ಆ ದಿನಗಳಲ್ಲೇ. ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲೇ ಇರುವ, ಹಳೆಯ ಕಾಲದ ಬಿಳಿ ಕಾರು. ನೋಡಿದವಳೇ ನನ್ನ ಹೆಂಡತಿ, "ಇದನ್ನ ತಳ್ಳೋಕೆ ಇನ್ನೂ ನಾಲ್ಕು ಜನ ಮೇಷ್ಟ್ರು ಬೇಕಾಗ್ತಾರೆ" ಎಂದಳು. ತಳ್ಳುವ ಕಷ್ಟವೇನೂ ಬರಲಿಲ್ಲ. ತೊಂದರೆ ಇದ್ದದ್ದು ಸ್ಟೇರಿಂಗಿನಲ್ಲಿ. ಬಲಕ್ಕೆ ತಿರುಗಿಸಿದರೆ ಕಾರು ಸ್ವಲ್ಪ ಯೋಚನೆ ಮಾಡಿ ಆಮೇಲೆ ಬಲಕ್ಕೆ ತಿರುಗುತ್ತಿತ್ತು. ದಸರೆ ಹತ್ತಿರವಿತ್ತು, ಗ್ಯಾರೇಜಿನ ಮುಂದೆ ಲಾರಿಗಳ ಸಾಲು. "ಹಬ್ಬ ಕಳೀಲಿ ಸಾರ್" ಎಂದರು ಗ್ಯಾರೇಜಿನವರು. ನನಗೆ ರಜೆ ಇತ್ತು, ಮೊಬೈಲಿನಲ್ಲಿ ವಿಡಿಯೋಗಳಿದ್ದವು, ಮೇಷ್ಟ್ರಿಗೆ ಇರಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಧೈರ್ಯವಿತ್ತು. ನಾನೇ ಬಿಚ್ಚಲು ಕೂತೆ.

ಫಿಟ್ಟರ್ ಯಜಮಾನರಿಗೆ ಆಗಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡಿರಬೇಕು, ಬಗ್ಗಬಾರದು, ಭಾರ ಎತ್ತಬಾರದು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಸ್ಪ್ಯಾನರಿನ ಸದ್ದು ಕೇಳಿ ಕಾಂಪೌಂಡಿನ ಆಚೆ ಬಂದು ನಿಂತರು.

"ಏನ್ ಬಿಚ್ತಾ ಇದ್ದೀರಿ ಮೇಷ್ಟ್ರೇ?"

"ಸ್ಟೇರಿಂಗು, ಯಜಮಾನ್ರೇ."

"ಬಿಚ್ಚೋಕೇನು, ಕೋತಿನೂ ಬಿಚ್ತದೆ. ಗುರ್ತು ಹಾಕಿದ್ದೀರಾ?"

ನಾನು ಹಾಕಿರಲಿಲ್ಲ. ಅವರು ಗೇಟು ತೆಗೆದುಕೊಂಡು ಬಂದು, ಪ್ಲಾಸ್ಟಿಕ್ ಸ್ಟೂಲು ತರಿಸಿ, ಕಾರಿನ ಬಾಗಿಲ ಬಳಿ ಕೂತು, ನನ್ನ ಕೆಲಸ ನಿಲ್ಲಿಸಿದರು. ಸ್ಟೇರಿಂಗ್ ಚಕ್ರದಿಂದ ಕೆಳಗಿನ ಪೆಟ್ಟಿಗೆಯವರೆಗೆ ಇಳಿಯುವ ಕಂಬದ ತುದಿಯಲ್ಲಿ ಸುತ್ತಲೂ ಸಣ್ಣ ಹಲ್ಲುಗಳಿರುತ್ತವೆ. ಒಂದೇ ಒಂದು ಹಲ್ಲು ಆಚೀಚೆ ಕೂತರೂ, ಚಕ್ರ ನೇರ ಹಿಡಿದಾಗ ಕಾರು ಪಕ್ಕಕ್ಕೆ ಎಳೆಯುತ್ತದೆ. ಬಣ್ಣ ಹುಡುಕಿದರೆ ಮನೆಯಲ್ಲಿರಲಿಲ್ಲ. ಕೊನೆಗೆ ನನ್ನ ಹೆಂಡತಿಯ ಕೆಂಪು ನೇಲ್ ಪಾಲಿಶಿನಿಂದ ಕಂಬಕ್ಕೊಂದು ಗೆರೆ, ಅದಕ್ಕೆ ಸರಿಯಾಗಿ ಕೆಳಗಿನ ಜೋಡಣೆಗೊಂದು ಗೆರೆ ಎಳೆದೆ. ಆಮೇಲೆ ಹಾರನ್ನಿನ ವೈರು, ಗೇರಿನ ಕಡ್ಡಿ, ಹಿಡಿಕೆಗಳು, ಒಂದೊಂದಾಗಿ ಗೋಣಿಚೀಲದ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಮಲಗಿದವು. ಸಾಲಿನ ಕೊನೆಯಲ್ಲಿ ಕೆಳಗಿನ ಜೋಡಣೆಯ ಎರಡು ಬೋಲ್ಟು, ಅವುಗಳ ಎರಡು ಕಿವಿ ವಾಷರು. ಬೋಲ್ಟು ಬಿಗಿದ ಮೇಲೆ ಆ ವಾಷರಿನ ಕಿವಿಯನ್ನು ಮಡಚಿ ಬೋಲ್ಟಿನ ತಲೆಗೆ ಒತ್ತಬೇಕು. ಹಾಗೆ ಒತ್ತಿದರೆ ಎಷ್ಟು ಅದುರಿದರೂ ಬೋಲ್ಟು ಬಿಚ್ಚಿಕೊಳ್ಳುವುದಿಲ್ಲ. ಜೋಡಣೆಯೊಳಗಿನ ರಬ್ಬರು ಸವೆದು ಚಿಂದಿಯಾಗಿತ್ತು. ಕಾರು ಯೋಚನೆ ಮಾಡುತ್ತಿದ್ದದ್ದು ಅದರಿಂದಲೇ. ಹೊಸದನ್ನು ಮಂಡ್ಯದಿಂದ ತಂದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ಹತಾರು ಮುಟ್ಟುವಂತಿಲ್ಲ. ಕಾರಿಗೆ ಪೂಜೆ ಮಾಡೋಣವೆಂದರೆ ಅರ್ಧ ಕಾರು ಗೋಣಿಚೀಲದ ಮೇಲಿತ್ತು. ನನ್ನ ಹೆಂಡತಿ ಅದಕ್ಕೊಂದು ದಾರಿ ಕಂಡುಕೊಂಡಳು. ಸ್ಪ್ಯಾನರುಗಳ ಜೊತೆ ಚೀಲದ ಮೇಲಿನ ಸಾಮಾನನ್ನೂ ಒಂದು ಹರಿವಾಣದಲ್ಲಿ ತುಂಬಿ, ದೇವರ ಮುಂದಿಟ್ಟು, ಅರಿಸಿನ ಕುಂಕುಮ ಹಚ್ಚಿ, ಮೇಲೆ ಸೇವಂತಿಗೆ ಹರಡಿದಳು. ಯಜಮಾನರು ಊರಲ್ಲಿದ್ದಿದ್ದರೆ ಚೀಲ ಮುಟ್ಟಗೊಡುತ್ತಿರಲಿಲ್ಲ. ಅವರು ಕಣ್ಣು ತೋರಿಸಲು ಮಂಡ್ಯಕ್ಕೆ ಹೋಗಿದ್ದರು. ನಾನು ಒಬ್ಬಟ್ಟಿನ ಗುಂಗಿನಲ್ಲಿದ್ದೆ. ಸಂಜೆ ಎಲ್ಲವನ್ನೂ ಆಯ್ದು ತಂದು ಚೀಲದ ಮೇಲೆ ನೆನಪಿದ್ದಂತೆ ಜೋಡಿಸಿಟ್ಟೆ.

ವಿಜಯದಶಮಿಯ ಬೆಳಿಗ್ಗೆ ಕೂಡಿಸಲು ಶುರು ಮಾಡಿದೆವು. ಅವರು ಸ್ಟೂಲಿನ ಮೇಲೆ, ನಾನು ಕಾರಿನ ಕೆಳಗೆ. ಅವರು ಒಂದೊಂದನ್ನೇ ಕರೆಯುವುದು, ನಾನು "ಆಯ್ತು" ಎನ್ನುವುದು. ಕೆಂಪು ಗೆರೆಗೆ ಕೆಂಪು ಗೆರೆ ಕೂಡಿತು. ಅದು ಕೂಡಿದಾಗ ಆದ ಸಂತೋಷ ನನಗೆ ಎಂ.ಎ. ಪಾಸಾದಾಗಲೂ ಆಗಿರಲಿಲ್ಲ. ಬೋಲ್ಟುಗಳನ್ನು ಬಿಗಿಯಲು ಹೊರಟೆ. ನೋಡಿದರೆ ಕಿವಿ ವಾಷರು ಒಂದೇ ಇತ್ತು. ಬಹುಶಃ ಮೊದಲೇ ಒಂದೇ ಇತ್ತೇನೋ ಅಂದುಕೊಂಡೆ. ಬೆನ್ನು ಮುರಿದುಹೋಗಿತ್ತು, ಇನ್ನೊಂದು ಬೋಲ್ಟನ್ನು ವಾಷರಿಲ್ಲದೆಯೇ ಬಿಗಿದೆ.

"ಎರಡ್ರ ಕಿವಿನೂ ಮಡ್ಚುದ್ರಾ?" ಎಂದು ಮೇಲಿನಿಂದ ಕೇಳಿದರು.

"ಹೂಂ" ಎಂದೆ.

ಅವರಿಗೆ ಬಗ್ಗಿ ನೋಡುವ ಹಾಗಿರಲಿಲ್ಲ. ನನ್ನ ಮಾತನ್ನೇ ಕಣ್ಣು ಮಾಡಿಕೊಂಡಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಮೊದಲ ಸವಾರಿ. ಮಳವಳ್ಳಿಯಲ್ಲಿ ಅವ್ವನ ಅಕ್ಕ ಇದ್ದರು. ಆಪರೇಷನ್ನಿನ ಗಡಿಬಿಡಿಯಲ್ಲಿ ಅವ್ವನಿಗೆ ಅಕ್ಕನನ್ನು ನೋಡಲು ಹೋಗಲಾಗಿರಲಿಲ್ಲ, ಹಬ್ಬದ ದಿನ ಹೋಗುವುದೆಂದು ಆಗಿತ್ತು. ಕಾರಿನ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟೆವು. ಯಜಮಾನರು ಮುಂದಿನ ಸೀಟಿನಲ್ಲಿ ಕೂತರು. ಕೂಡಿಸಿದವರಲ್ಲಿ ತಾವೂ ಒಬ್ಬರಲ್ಲವೇ, ಪಕ್ಕದಲ್ಲೇ ಇರಬೇಕು. ಅವ್ವ ಹಸಿರು ರೇಷ್ಮೆ ಸೀರೆಯುಟ್ಟು, ಚಕ್ಕುಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ನಾನು ಬೀಗದಕೈ ತರಲು ಒಳಗೆ ಹೋದೆ. ದೇವರ ಮುಂದಿನ ಬಾಡಿದ ಹೂವು ತೆಗೆಯುತ್ತಿದ್ದ ಹೆಂಡತಿ ಅಂಗೈ ಚಾಚಿದಳು.

"ರೀ, ಹೂವಿನ ಕೆಳಗೆ ಇದಿತ್ತು. ಇದೂ ಕಾರಿಂದೇನಾ?"

ಕುಂಕುಮ ಮೆತ್ತಿದ ಕಿವಿ ವಾಷರು.

ಅದನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ಒಂದು ವಾಷರು ಏನು ಮಾಡೀತು, ಬೋಲ್ಟು ಬಿಗಿಯಾಗಿಯೇ ಇದೆ, ನಾಳೆ ಹಾಕಿದರಾಯಿತು ಎಂದು ಗೇಟಿನವರೆಗೂ ನನಗೆ ನಾನೇ ಹೇಳಿಕೊಂಡೆ. ಈಗ ಹೇಳಿದರೆ ಬೆಳಗಿನ "ಹೂಂ" ಕೂಡ ಹೊರಗೆ ಬರುತ್ತದೆ. ಕಾರಿನಲ್ಲಿ ಕೂತು ಬೀಗದಕೈ ತಿರುಗಿಸಿದೆ. ಇಂಜಿನ್ನು ಒಂದೇ ಏಟಿಗೆ ಎದ್ದಿತು.

ಯಜಮಾನರು ಎದುರಿನ ರಸ್ತೆಯನ್ನೇ ನೋಡುತ್ತ ಕೇಳಿದರು: "ಎಲ್ಲಾ ಸರಿಯಾಗಿ ಕೂತದಾ, ಮೇಷ್ಟ್ರೇ?"

ನಾನು ಉತ್ತರ ಹೇಳುವ ಮೊದಲೇ ಹಿಂದಿನಿಂದ ಅವ್ವ, "ಮೇಷ್ಟ್ರು ಸುಳ್ ಏಳಾರಾ? ನಡೀರಿ ಅತ್ಲಾಗೆ, ಒತ್ತಾಯ್ತದೆ" ಎಂದರು.

ಮಳವಳ್ಳಿ ರಸ್ತೆಯ ನಾಲೆ ಏರಿ, ಅಲ್ಲಿಯ ತಿರುವು, ಎದುರು ಬರುವ ಖಾಸಗಿ ಬಸ್ಸುಗಳು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಬೀಗದಕೈ ಹಿಂದಕ್ಕೆ ತಿರುಗಿಸಿದೆ. ಜೇಬಿನಿಂದ ವಾಷರು ತೆಗೆದು ಅವರ ಕೈಗೆ ಕೊಟ್ಟೆ.

ಅವರು ಕಪ್ಪು ಕನ್ನಡಕದೊಳಗಿಂದ ಅದನ್ನು ನೋಡಲೂ ಹೋಗಲಿಲ್ಲ. ಹೆಬ್ಬೆರಳಿನಿಂದ ಸವರಿದರು, ಮಡಚದ ಕಿವಿಯನ್ನು ಉಗುರಿನಿಂದ ಮುಟ್ಟಿದರು.

"ಎಲ್ಲಿತ್ತು?"

"ದೇವರ ಮುಂದೆ."

"ಬೆಳಿಗ್ಗೆ ಹೂಂ ಅಂದ್ರಲ್ಲ?"

"ಅಂದೆ, ಯಜಮಾನ್ರೇ. ತಪ್ಪಾಯ್ತು."

ಎಷ್ಟೋ ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಅವತ್ತು ಆ ನಾಚಿಕೆ ಹೇಗಿರುತ್ತದೆಂದು ಗೊತ್ತಾಯಿತು. ಅವರು ಹಿಂದೆ ತಿರುಗಿ, "ಇಳಿಯಮ್ಮಿ. ಇವತ್ತು ಓಗಾಕಿಲ್ಲ" ಎಂದರು. ಅವ್ವ ಏಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ಇಳಿದು, ನಮ್ಮ ಜಗಲಿಯ ಮೇಲೆ ಕೂತು, ಅಕ್ಕನಿಗೆಂದು ತಂದಿದ್ದ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದು ನನ್ನ ಹೆಂಡತಿಯನ್ನು ಕರೆದರು. ಮೊದಲ ಸವಾರಿ ತಪ್ಪುವುದು ಫಿಟ್ಟರನ ಹೆಂಡತಿಗೆ ಹೊಸದಾಗಿರಲಿಲ್ಲವೆಂದು ಕಾಣುತ್ತದೆ.

ಪಂಚೆ ಉಟ್ಟುಕೊಂಡು ಮತ್ತೆ ಕಾರಿನ ಕೆಳಗೆ ತೂರಿದೆ. ಅವರು ಮತ್ತೆ ಸ್ಟೂಲಿನ ಮೇಲೆ ಕೂತರು. ಅವರ ಚಪ್ಪಲಿಗಳು ಮಾತ್ರ ನನಗೆ ಕಾಣುತ್ತಿದ್ದವು. ಬೈಗುಳಕ್ಕೆ ಕಾಯುತ್ತಿದ್ದೆ. ಅವರು ತಮ್ಮ ಕಥೆ ಹೇಳಿದರು.

"ಒಂದ್ ಸೀಜನ್ನಲ್ಲಿ ನಾನೂ ಇಂಗೇ ಮಾಡಿದ್ದೆ ಮೇಷ್ಟ್ರೇ. ಕಬ್ಬು ಅರ್ಯೋ ಗಾಣ ಕೂಡ್ಸಿ, ಪೂಜೆ ಆಗಿ, ಸಾಹೇಬ್ರು ಬಟನ್ ಒತ್ತೋಕೆ ನಿಂತವ್ರೆ, ನನ್ ಜೇಬಲ್ಲಿ ಒಂದ್ ಪಿನ್ನು ಉಳ್ಕಂಡದೆ. ಅಷ್ಟು ಜನದ್ ಮುಂದೆ ಬಾಯಿ ಬರ್ನಿಲ್ಲ."

"ಆಮೇಲೆ?"

"ಆಮೇಲೇನು, ಏನೂ ಆಗ್ನಿಲ್ಲ. ಸೀಜನ್ ಪೂರ್ತಿ ಚೆನ್ನಾಗೇ ಓಡ್ತು. ನಾನು ಮಾತ್ರ ನನ್ ಸಿಫ್ಟು ಮುಗುದ್ರೂ ಮನೀಗೋಯ್ತಿರ್ನಿಲ್ಲ. ಅದ್ರ ಪಕ್ಕದಲ್ಲೇ ನಿಂತಿರ್ತಿದ್ದೆ. ನಾನ್ ನಿಂತಿದ್ರೆ ಅದು ಮುರ್ಯೋದೇನ್ ನಿಲ್ತದಾ? ಆದ್ರೂ ನಿಂತಿದ್ದೆ. ಇವ್ಳಿಗೂ ಏಳಿರ್ನಿಲ್ಲ." ನಕ್ಕರು. "ನಿಮ್ದೇ ವಾಸಿ ಬುಡಿ. ಒಂದ್ ಹೂಂ ಅಂದು, ಒಂದ್ ಮಧ್ಯಾಹ್ನದಲ್ಲಿ ಮುಗುಸ್ಕಂಡ್ರಿ."

ಬೋಲ್ಟು ಬಿಚ್ಚಿ, ವಾಷರು ಹಾಕಿ ಮತ್ತೆ ಬಿಗಿದು, ಕಿವಿಯನ್ನು ಮಡಚಿ, ಬೋಲ್ಟಿನ ತಲೆಗೆ ಒತ್ತಿ ಬಡಿದೆ. ಆ ಹೊತ್ತಿನಲ್ಲಿ ಅವರ ಮೇಲೆ ಹುಟ್ಟಿದ ಪ್ರೀತಿಯನ್ನು ಅವರಿಗೆ ಹೇಳಲಿಲ್ಲ. ಕಾರಿನ ಕೆಳಗೆ ಮಲಗಿಕೊಂಡು ಹೇಳುವ ಮಾತೂ ಅಲ್ಲ ಅದು. ಈಗ ಹೇಳುತ್ತಿದ್ದೇನೆ.

ಮಾರನೆಯ ಬೆಳಿಗ್ಗೆ ನಿಂಬೆಹಣ್ಣು ಚಪ್ಪಟೆಯಾದವು. ದೊಡ್ಡಿ ಎಂಬ ಊರು ದಾಟಿ ನೇರ ರಸ್ತೆ ಸಿಕ್ಕಾಗ, ಎದುರು ಯಾರೂ ಇಲ್ಲದ್ದು ನೋಡಿ, ಯಜಮಾನರು "ಕೈ ಸಡ್ಲ ಮಾಡಿ" ಎಂದರು. ಬೆರಳುಗಳನ್ನು ಸಡಿಲಿಸಿದೆ. ಕಾರು ಎತ್ತಲೂ ಎಳೆಯದೆ ನೆಟ್ಟಗೆ ಹೋಯಿತು. ಅವರು ಸೀಟಿಗೆ ಒರಗಿಕೊಂಡು, "ಊಂ, ಕೂತದೆ" ಎಂದು ಮಳವಳ್ಳಿಯವರೆಗೂ ನಿದ್ದೆ ಮಾಡಿದರು. ಅಲ್ಲಿ ಅವ್ವನ ಅಕ್ಕ ಬಾಗಿಲಲ್ಲೇ ಶುರು ಹಚ್ಚಿದರು, "ಅಬ್ಬ ಮುಗುದ್ ಮೇಲೆ ಬಂದವ್ಳೆ ನೋಡು, ಅದೂ ಅರ್ಧ ಡಬ್ಬಿ ಚಕ್ಕುಲಿ ತಕಂಡು."

"ದೇವ್ರು ತಡ ಮಾಡ್ದ ಕಣಕ್ಕ. ವಾಷರ್ ಇಟ್ಕಂಡು ಕೊಡ್ನಿಲ್ಲ" ಎಂದರು ಅವ್ವ.

ಆಮೇಲೆ ಕೆಲವು ವರ್ಷ ನಾನು, ಅವರು ಸೇರಿ ಆ ಕಾರಿನಲ್ಲಿ ಬಿಚ್ಚದೆ ಬಿಟ್ಟದ್ದು ಏನೂ ಇಲ್ಲ. ರಿಪೇರಿಯಾದಾಗಲೆಲ್ಲ ಮೊದಲ ಸವಾರಿಗೆ ಮುಂದಿನ ಸೀಟು ಅವರದ್ದೇ. ಬಸರಾಳಿನ ದೇವಸ್ಥಾನಕ್ಕೆ ಹೋದಾಗ ಕಲ್ಲಿನ ಜೋಡಣೆಯ ಸಂದಿನಲ್ಲಿ ಉಗುರು ತೂರಿಸಲು ನೋಡಿ, ಆಗದೆ, "ಇವ್ರು ಕೂಡ್ಸವ್ರೆ ಕಣ್ರೀ" ಎಂದು ತಲೆದೂಗಿದ್ದರು.

ಕಬ್ಬಿನ ಲಾರಿಗಳು ರಸ್ತೆ ತುಂಬ ಓಡಾಡುತ್ತಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿದು ಲೋಟ ಕೆಳಗಿಟ್ಟ ಯಜಮಾನರು ಮತ್ತೆ ಏಳಲಿಲ್ಲ. ನೋವಿಲ್ಲದ ಸಾವು. ಅಂಗಿ ಬದಲಿಸುವಾಗ ಜೇಬಿನಲ್ಲಿ ಎರಡು ನಟ್ಟು ಇದ್ದವು. ಅವು ಯಾವ ಮನೆಯ ಯಾವ ಯಂತ್ರದವೆಂದು ಈವರೆಗೂ ಗೊತ್ತಾಗಿಲ್ಲ.

ತಿಂಗಳು ಕಳೆದ ಮೇಲೆ ಅವ್ವ ಮಳವಳ್ಳಿಗೆ, ಅಕ್ಕನ ಮನೆಗೆ ಹೋಗಬೇಕೆಂದರು. ಹಿಂದಿನ ದಿನವಷ್ಟೇ ನಾನೊಬ್ಬನೇ ಕೂತು ಬ್ರೇಕು ಬಿಚ್ಚಿ ಕೂಡಿಸಿದ್ದೆ. ಗೋಣಿಚೀಲ ಹಾಸಿ, ಎಡದಿಂದ ಬಲಕ್ಕೆ ಇಟ್ಟು, ಬಲದಿಂದ ಎಡಕ್ಕೆ ಬಂದಿದ್ದೆ. ಎರಡು ಸಲ ಪರೀಕ್ಷೆ ಮಾಡಿದ್ದೆ. ಕಾರು ಬಾಗಿಲಿಗೆ ತಂದಾಗ ಅವ್ವ ಹತ್ತಲಿಲ್ಲ. ಹಿಂದಿನ ಬಾಗಿಲ ಬಳಿ ಹೋಗದೆ ಮುಂದಿನ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ನಿಂತರು.

"ಎಲ್ಲಾ ಸರಿಯಾಗಿ ಕೂತದಾ, ಮೇಷ್ಟ್ರೇ?"

ಹೂಂ ಎನ್ನಲು ಬಾಯಿ ತೆರೆದವನು ಹಾಗೇ ನಿಲ್ಲಿಸಿದೆ. "ಒಂದ್ ನಿಮಿಷ ಇರಿ ಅವ್ವ" ಎಂದು ಇಳಿದು, ನಾಲ್ಕೂ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತು, ಪ್ರತಿಯೊಂದು ಬೋಲ್ಟನ್ನೂ ಮತ್ತೊಮ್ಮೆ ಕೈಯಾರೆ ಮುಟ್ಟಿ ನೋಡಿ ಬಂದೆ. ಅವ್ವ ಕಾದಿದ್ದರು.

"ಕೂತದೆ ಅವ್ವ" ಎಂದೆ.

ಅವರು ಬಾಗಿಲು ತೆಗೆದು, ಯಜಮಾನರ ಸೀಟಿನಲ್ಲಿ ಕೂತರು.